ಒಂಬತ್ತು ದಿನದ ನೀರು

ಜೂನ್ 3
(ಅಪ್ಪನ ಧ್ವನಿ)

ಹಲೋ... ಹಲೋ... ಬರ್ತಿದೆಯಾ? ಕೆಂಪು ಚುಕ್ಕಿ ಮಿನುಗ್ತಿದೆ, ಅಂದ್ರೆ ಬರ್ತಿದೆ. ಪುಟ್ಟಿ, ನಾನು ಕಣಮ್ಮ.

ನಿನ್ನ ಕಾಗದ ಬಂತು. ನೀನೂ ಕಾಗದಾನೇ ಬರಿ ಅಪ್ಪ ಅಂದಿದ್ದೀಯ. ನೋಡು, ಇಪ್ಪತ್ತಾರು ವರ್ಷದಿಂದ ಈ ಕೈ ದಿನಕ್ಕೊಂದು ಅಂಕಿ ಬರೆದಿದೆ, ಅಷ್ಟೇ. ಬೆಳಿಗ್ಗೆ ಎಂಟಕ್ಕೆ ಮೆಟ್ಟಿಲು ಇಳಿ, ಅಳತೆ ಕಂಬ ನೋಡು, ನದಿ ಎಷ್ಟು ಎತ್ತರ ಇದೆಯೋ ರಿಜಿಸ್ಟರಿಗೆ ಹಾಕು, ಸಹಿ ಮಾಡು. ಪೆನ್ನು ಹಿಡಿದ್ರೆ ಅಂಕಿ ಬಿಟ್ಟು ಇನ್ನೇನೂ ಇಳಿಯಲ್ಲ ನಂಗೆ. ಬಾಯಿ ಬೇರೆ ವಿಷಯ. ವಾಷರ್ ಹೋದ ನಲ್ಲಿ ಅಂತಾಳೆ ನಿನ್ನಮ್ಮ. ಅದಕ್ಕೇ ನೀನು ಬರಿ, ನಾನು ಮಾತಾಡಿ ಕಳಿಸ್ತೀನಿ.

ನಿಂಗೆ ಫೆಲೋಶಿಪ್ ಸಿಕ್ಕಿದ್ದು ಕಚೇರೀಲಿ ಎಲ್ಲರಿಗೂ ಹೇಳಿದೆ. ಹಂಗಂದ್ರೇನು ಅಂದ್ರು. ನದಿ, ಕಾಡು, ಗಾಳಿ ಇವುಗಳ ಪರವಾಗಿ ವಾದ ಮಾಡೋಕೆ ಕಲಿಸ್ತಾರೆ, ಎರಡು ವರ್ಷ, ಊರಿಗೆಲ್ಲ ಆರೇ ಜನಕ್ಕೆ ಸಿಕ್ಕಿರೋದು ಅಂದೆ. ನಮ್ಮ ಗುಮಾಸ್ತ ಗೊತ್ತಲ್ಲ, ಅವನ ಬಾಯಿ ಸುಮ್ನಿರುತ್ತಾ? "ಅಲ್ಲಯ್ಯಾ, ನದಿ ಕಕ್ಷಿದಾರ ಆದ್ರೆ ವಕಾಲತ್ತಿಗೆ ಸಹಿ ಹಾಕೋರು ಯಾರು?" ಅಂದ. "ಇಪ್ಪತ್ತಾರು ವರ್ಷದಿಂದ ಅದರ ಸಹಿ ನಾನೇ ಹಾಕ್ತಿಲ್ವೇನಯ್ಯಾ" ಅಂದೆ. ಎಲ್ಲರೂ ನಕ್ಕರು. ನಂಗೂ ಒಳಗೊಳಗೇ ಜಂಬ ಬಂತು, ಸುಳ್ಳು ಯಾಕೆ ಹೇಳಲಿ.

ಊಟ ಸರಿಯಾಗಿ ಮಾಡು. ಇವತ್ತಿನ ನೀರು ಒಂದು ಮೀಟರ್ ಹದಿನಾಲ್ಕು.

ನಿನ್ನಪ್ಪ

ಜೂನ್ 19

ಪ್ರೀತಿಯ ಅಪ್ಪ,

ನಮ್ಮ ಕೋಣೆ ಮೂರನೇ ಮಹಡಿಯಲ್ಲಿದೆ. ಕೆಳಗೆ ಜೆರಾಕ್ಸ್ ಅಂಗಡಿ. ದಿನವಿಡೀ ಬಿಸಿ ಕಾಗದದ ವಾಸನೆ ಮೇಲೇರುತ್ತದೆ. ಆರು ಮೇಜು, ಆರು ಕುರ್ಚಿ. ನನ್ನ ಕುರ್ಚಿಗೆ ಒಂದು ಕಾಲು ಗಿಡ್ಡ, ಹಾಗಾಗಿ ದಿನಕ್ಕೆ ಹತ್ತು ಸಲ ಬೀಳುವಂತಾಗುತ್ತೇನೆ. ಪಕ್ಕದ ಮೇಜಿನವನಿಗೆ ಛತ್ರಿ ಎಂದು ಹೆಸರಿಟ್ಟಿದ್ದೇವೆ. ಬಿಸಿಲಿರಲಿ ಮೋಡವಿರಲಿ, ಅವನ ಕಂಕುಳಲ್ಲಿ ಅದೊಂದು ಇದ್ದೇ ಇರುತ್ತದೆ.

ಇಲ್ಲಿಯ ಪದ್ಧತಿ ಹೀಗೆ. ಮೊದಲ ವರ್ಷ ಒಬ್ಬೊಬ್ಬರಿಗೆ ಒಂದೊಂದು ಪ್ರಕರಣ. ಸೆಪ್ಟೆಂಬರ್ ಕೊನೆಯೊಳಗೆ ಅರ್ಜಿ ಸಿದ್ಧವಾಗಬೇಕು. ಅದರ ಜೊತೆ ಕೊಡುವ ಒಂದೊಂದು ಸಾಕ್ಷ್ಯವನ್ನೂ ನಾನೇ ಪರಿಶೀಲಿಸಿದ್ದೇನೆ ಎಂದು ಸಹಿ ಹಾಕಬೇಕು. ಎರಡನೇ ವರ್ಷ ಕೊಡುವುದೋ ಬಿಡುವುದೋ ಅದನ್ನು ನೋಡಿ ತೀರ್ಮಾನ. ನನಗೆ ಯಾವ ಪ್ರಕರಣ ಬಂತು ಹೇಳು ನೋಡೋಣ? ನಮ್ಮ ನದಿ! ಮೇಲ್ಗಡೆಯ ಕಾಗದದ ಕಾರ್ಖಾನೆಯ ವಿರುದ್ಧ.

ಕಾರ್ಖಾನೆಗೆ ಕೊಟ್ಟ ಪರವಾನಗಿಯಲ್ಲಿ ಒಂದು ಷರತ್ತಿದೆ. ನದಿ ಎಂಬತ್ತು ಸೆಂಟಿಮೀಟರಿಗಿಂತ ಕೆಳಗಿದ್ದಾಗ ಪಂಪು ಹಾಕುವಂತಿಲ್ಲ. ಹಾಗೆ ಇಳಿದಿರುವಾಗಲೂ ಸತತ ಮೂವತ್ತು ದಿನ ನೀರೆಳೆದರೆ ಪರವಾನಗಿಯೇ ರದ್ದು. ಹತ್ತು ವರ್ಷದ ಹಿಂದಿನ ಆ ಬೇಸಿಗೆಯಲ್ಲಿ ಕೆಳಗಿನ ಜೌಗು ಒಣಗಿ ಮೀನು, ಹಕ್ಕಿ ಎಲ್ಲ ಸತ್ತವಲ್ಲ, ಆಗ ನೀರು ನಲವತ್ತೊಂದು ದಿನ ಸತತವಾಗಿ ಎಂಬತ್ತರ ಕೆಳಗಿತ್ತು. ಪಂಪು ಓಡುತ್ತಲೇ ಇತ್ತು. ಇದಕ್ಕೆ ಆಧಾರ ಒಂದೇ, ನಿನ್ನ ರಿಜಿಸ್ಟರು.

ಪ್ರಕರಣದ ಕಡತಗಳ ಪೆಟ್ಟಿಗೆ ಬಿಚ್ಚಿದರೆ ನಿನ್ನ ಅಕ್ಷರ, ಅಪ್ಪ. ನಡುವೆ ಅಡ್ಡಗೆರೆ ಎಳೆದ ನಿನ್ನ ಏಳು. ಯಾರಿಗೂ ಹೇಳದೆ ಒಬ್ಬಳೇ ನಕ್ಕೆ. ಆ ಮಾರ್ಚ್, ಏಪ್ರಿಲ್ ಬಗ್ಗೆ ನೆನಪಿರುವುದನ್ನೆಲ್ಲ ಹೇಳು.

ನಿನ್ನ ಪುಟ್ಟಿ

ಜೂನ್ 22
(ಅಪ್ಪನ ಧ್ವನಿ)

ಪುಟ್ಟಿ, ಕಾಗದ ಓದಿದೆ. ಎರಡು ಸಲ ಓದಿದೆ. ಒಳ್ಳೇ ಪ್ರಕರಣ. ದೊಡ್ಡ ಪ್ರಕರಣ.

ಇಲ್ಲಿ ಎಲ್ಲ ಚೆನ್ನಾಗಿದೆ. ನಿನ್ನಮ್ಮನ ಹೊಲಿಗೆ ಮೆಷಿನ್ನು ಮತ್ತೆ ದಾರ ತುಂಡು ಮಾಡ್ತಿದೆ. ನಾನು ರಿಪೇರಿ ಮಾಡ್ತೀನಿ ಅಂತ ಬಿಚ್ಚಿದೆ, ಕೂಡಿಸಿದ ಮೇಲೆ ಒಂದು ಸ್ಕ್ರೂ ಉಳೀತು. "ಆ ಸ್ಕ್ರೂ ನಿಮ್ಮ ತಲೇದೇ ಇರಬೇಕು ನೋಡ್ಕೊಳ್ಳಿ" ಅಂದ್ಲು. ಅಳತೆ ಕಂಬಕ್ಕೆ ಹೊಸ ಬಣ್ಣ ಬಳಿದ್ರು. ಆಮೇಲೆ... ಕುರ್ಚಿಗೆ ರಟ್ಟು ಮಡಚಿ ಇಡು, ಬಿದ್ದುಗಿದ್ದೀಯ.

ಯಾವ ತಿಂಗಳು ಅಂದೆ? ಮಾರ್ಚ್, ಏಪ್ರಿಲ್... ಹೂಂ. ಬಿಸಿಲಿತ್ತು. ಹತ್ತು ವರ್ಷ ಆಯ್ತಲ್ಲಮ್ಮ, ಜ್ಞಾಪಕ ಎಲ್ಲಿರುತ್ತೆ. ಇಡ್ತೀನಿ, ನಿನ್ನಮ್ಮ ಕರೀತಿದ್ದಾಳೆ.

ನಿನ್ನಪ್ಪ

ಜುಲೈ 8

ಪ್ರೀತಿಯ ಅಪ್ಪ,

ಈ ಸಲ ನೀನು ನೀರು ಹೇಳಲಿಲ್ಲ. ನಾನು ಕೊನೆತನಕ ಕಾದೆ.

ಇಲ್ಲಿ ಎಲ್ಲರೂ ಕಂಪ್ಯೂಟರಿನಲ್ಲಿ ನಕ್ಷೆ ಮಾಡುತ್ತಾರೆ. ನಾನು ಗ್ರಾಫ್ ಹಾಳೆಯ ಮೇಲೆ ಕೈಯಲ್ಲೇ ಚುಕ್ಕಿ ಇಡುತ್ತಿದ್ದೇನೆ, ದಿನಕ್ಕೊಂದು, ನೀನು ಅಂಕಿ ಬರೆದ ಹಾಗೆ. ಚುಕ್ಕಿ ಸೇರಿಸಿದರೆ ಹಲ್ಲು ಮುರಿದ ಗರಗಸದ ಹಾಗೆ ಗೆರೆ ಬರುತ್ತದೆ. ಒಂದು ದಿನ ಎರಡು ಇಳಿಯುತ್ತದೆ, ಮರುದಿನ ಅರ್ಧ ಏರುತ್ತದೆ, ಮೂರನೇ ದಿನ ಕದಲುವುದಿಲ್ಲ. ಮಾರ್ಚ್ 29ರಿಂದ ಏಪ್ರಿಲ್ 6ರವರೆಗೆ ಮಾತ್ರ ಮೆಟ್ಟಿಲು ಇಳಿದಂತಿದೆ. ದಿನಕ್ಕೆ ಒಂದೇ ಒಂದು ಸೆಂಟಿಮೀಟರು, ಎಪ್ಪತ್ತೊಂದರಿಂದ ಅರವತ್ತಮೂರು. ನೋಡಲು ಅಚ್ಚುಕಟ್ಟಾಗಿದೆ. ಅಷ್ಟೇ.

ರಟ್ಟು ಇಟ್ಟೆ. ಈಗ ಕುರ್ಚಿ ಬೇರೆ ಕಡೆಗೆ ವಾಲುತ್ತದೆ.

ನಿನ್ನ ಪುಟ್ಟಿ

ಜುಲೈ 30

ಅಪ್ಪ,

ಮೂರು ವಾರವಾಯಿತು. ಫೋನಿನಲ್ಲಿ ಅಮ್ಮ, "ಚೆನ್ನಾಗಿದ್ದಾರೆ, ಮಾತು ಮಾತ್ರ ಕಮ್ಮಿ ಮಾಡಿದ್ದಾರೆ" ಅಂದಳು. ನೀನು ಮಾತು ಕಮ್ಮಿ ಮಾಡಿದ್ದೀಯ ಅಂದರೆ ಚೆನ್ನಾಗಿದ್ದೀಯ ಅಂತ ನಾನು ನಂಬಬೇಕೇ?

ಅರ್ಜಿಗೆ ಇನ್ನೂ ಎರಡು ತಿಂಗಳಿದೆ. ನಾನು ಇನ್ನೂ ಸಹಿ ಹಾಕಿಲ್ಲ.

ಪುಟ್ಟಿ

ಆಗಸ್ಟ್ 4
(ಅಪ್ಪನ ಧ್ವನಿ)

ಪುಟ್ಟಿ. ಏಳು ಸಲ ಮಾತಾಡಿ ಅಳಿಸಿದ್ದೀನಿ. ಇದು ಎಂಟನೇದು. ಕಂಬದ ಹತ್ತಿರ ಮೆಟ್ಟಿಲ ಮೇಲೆ ಕೂತಿದ್ದೀನಿ, ನೀರಿನ ಸದ್ದು ಕೇಳಿಸ್ತಿರಬೇಕು. ಇದರ ಎದುರಿಗೇ ಹೇಳಿಬಿಡೋಣ ಅಂತ.

ಆ ಒಂಬತ್ತು ದಿನ ನಾನು ಇಲ್ಲಿಗೆ ಬರಲಿಲ್ಲ ಕಣಮ್ಮ.

ನಿಂಗಾಗ ಹದಿನಾಲ್ಕು. ಚಿಕ್ಕಮ್ಮನ ಹೆರಿಗೆ ಅಂತ ನಿನ್ನಮ್ಮ ಅವಳ ಮನೆಗೆ ಹೋಗಿದ್ದಳು. ಅವಳು ಹೋದ ಮೂರನೇ ದಿನ ನಿನ್ನ ಮೈ ತುಂಬ ಗುಳ್ಳೆ ಎದ್ವು. ಚಿಕನ್‌ಪಾಕ್ಸ್. ಅಲ್ಲಿ ಹಸುಗೂಸು, ಇಲ್ಲಿ ನೀನು. ಅಮ್ಮ ಇಲ್ಲಿಗೆ ಬಂದು ನಿನ್ನ ಮುಟ್ಟಿ ಮತ್ತೆ ಅಲ್ಲಿಗೆ ಹೋಗೋ ಹಾಗಿಲ್ಲ. ಅಕ್ಕಪಕ್ಕದವರು ಬಾಗಿಲ ಹತ್ತಿರಾನೂ ಸುಳೀಲಿಲ್ಲ, ಅವರ ಮನೇಲೂ ಮಕ್ಕಳು ಪಾಪ. ಆಗೆಲ್ಲ ಈಗಿನ ಹಾಗೆ ಕ್ವಾರ್ಟರ್ಸು ದಡದಲ್ಲಿರಲಿಲ್ಲ. ಬಸ್ಸಲ್ಲಿ ಬಂದು, ನೀರು ನೋಡಿ, ಬಸ್ಸಲ್ಲಿ ಹೋಗೋಕೆ ನಾಲ್ಕು ಗಂಟೆ. ಜ್ವರ ನೂರಾ ನಾಲ್ಕು. ನಿನ್ನ ಬಿಟ್ಟು ನಾಲ್ಕು ಗಂಟೆ ಹೇಗೆ ಹೋಗಲಿ ಹೇಳು.

ಖಾಲಿ ಬಿಟ್ಟು ಕಾರಣ ಬರೀಬೇಕಿತ್ತು. ಅಷ್ಟೇ ಮಾಡಬೇಕಿತ್ತು. ಆದ್ರೆ ಆಗಿನ ಸಾಹೇಬ್ರು ಖಾಲಿ ಜಾಗ ಕಂಡ್ರೆ ಕುರ್ಚಿಯಿಂದ ಎದ್ದು ನಿಂತು ಕೂಗೋರು. ಹೆದರಿದೆ.

ಇಷ್ಟೇ ಆಗಿದ್ರೆ ಏನೋ ಒಂದು ಅನ್ನಬಹುದಿತ್ತು. ಇನ್ನೊಂದಿದೆ, ಅದು ನಿಂಗೆ ಜ್ಞಾಪಕ ಇರಲಿಕ್ಕಿಲ್ಲ. ದಿನಾ ಸ್ಕೂಲಿಂದ ಬಂದ ತಕ್ಷಣ "ಅಪ್ಪ, ಇವತ್ತು ನೀರೆಷ್ಟು?" ಅಂತ ಕೇಳ್ತಿದ್ದೆಯಲ್ಲ, ಆ ಜ್ವರದಲ್ಲೂ ಬಿಡಲಿಲ್ಲ. ಕಣ್ಣು ಬಿಡೋಕೆ ಆಗ್ತಿಲ್ಲ, ನನ್ನ ಬೆರಳು ಹಿಡ್ಕೊಂಡು ನೀರೆಷ್ಟು ಅಂತೀಯ. ಹೋಗಿಲ್ಲ ಅಂದ್ರೆ ನನ್ನಿಂದ ಅಪ್ಪನ ಕೆಲಸ ಕೆಟ್ಟಿತು ಅಂತ ಅಳ್ತೀಯ. ಎಪ್ಪತ್ತೊಂದು ಅಂದೆ. ಮಾರನೇ ದಿನ ಎಪ್ಪತ್ತು. ಅದರ ಮಾರನೇ ದಿನ ಅರವತ್ತೊಂಬತ್ತು. ಜ್ವರ ಇಳೀಲಿ ಇಳೀಲಿ ಅಂತ ಹಂಬಲ, ನನ್ನ ಬಾಯಲ್ಲಿ ಇಳಿದದ್ದು ನೀರಿನ ಅಂಕಿ. ಅರವತ್ತಮೂರಕ್ಕೆ ಬಂದಾಗ ನೀನು ಎದ್ದು ಕೂತೆ.

ಹತ್ತನೇ ದಿನ ಓಡಿ ಬಂದು ನೋಡಿದ್ರೆ ಅರವತ್ತಾರು. ರಿಜಿಸ್ಟರಲ್ಲಿ ಒಂಬತ್ತು ಮನೆ ಖಾಲಿ. ನಿಂಗೆ ಹೇಳಿದ ಅಂಕೀನೇ ಬರೆದು ಸಹಿ ಹಾಕಿದೆ. ಮಗಳಿಗೆ ಒಂದು, ಸರ್ಕಾರಕ್ಕೆ ಒಂದು ಸುಳ್ಳು ಯಾಕೆ ಅನ್ನಿಸ್ತೋ ಏನೋ.

ನೀರು ಎಂಬತ್ತು ದಾಟಿರಲ್ಲ ಅಂತ ಎದೆ ತಟ್ಟಿ ಹೇಳ್ತೀನಿ. ಆದ್ರೆ ಕಣ್ಣಲ್ಲಿ ನೋಡಿಲ್ಲ. ನೋಡದ್ದು ನೋಡದ್ದೇ. ಆ ಒಂಬತ್ತು ತೆಗೆದ್ರೆ ನಿನ್ನ ನಲವತ್ತೊಂದು ಮಧ್ಯಕ್ಕೆ ಮುರಿದು ಹೋಗುತ್ತೆ, ಅದೂ ಲೆಕ್ಕ ಹಾಕಿದೆ. ಆ ಕಡೆ ಹದಿನೇಳು, ಈ ಕಡೆ ಹದಿನೈದು. ಮೂವತ್ತು ಎಲ್ಲೂ ಇಲ್ಲ. ಸುಮ್ನಿದ್ರೆ ನಿನ್ನ ಎರಡನೇ ವರ್ಷ ಗಟ್ಟಿ ಅಂತ ಒಂದು ಮನಸ್ಸು. ಸುಮ್ನಿದ್ರೆ ನನ್ನ ಸುಳ್ಳಿನ ಕೆಳಗೆ ನನ್ನ ಮಗಳ ಸಹಿ ಬೀಳುತ್ತೆ ಅಂತ ಇನ್ನೊಂದು. ಒಂದೂವರೆ ತಿಂಗಳು ಎರಡೂ ಕಿತ್ತಾಡಿದ್ವು.

ಲಾಯರಮ್ಮ, ಈಗ ಏನು ಮಾಡಬೇಕು ನೀನೇ ಹೇಳು. ಇವತ್ತಿನ ನೀರು ಎರಡು ಮೀಟರ್ ಆರು.

ನಿನ್ನಪ್ಪ

ಆಗಸ್ಟ್ 9

ನನ್ನ ಅಪ್ಪ,

ಗೆರೆ ಎಳೆದ ದಿನವೇ ಗೊತ್ತಾಗಿತ್ತು. ನದಿ ಅಷ್ಟು ಶಿಸ್ತಾಗಿ ನಡೆಯುವುದಿಲ್ಲ ಎಂದು ಚಿಕ್ಕಂದಿನಲ್ಲಿ ನನಗೆ ಹೇಳಿಕೊಟ್ಟವನು ನೀನೇ ಅಲ್ಲವೇ. ಯಾಕೆ ಎಂಬುದು ಮಾತ್ರ ಗೊತ್ತಿರಲಿಲ್ಲ. ನೀನಾಗಿ ಹೇಳಲಿ ಎಂದು ಕಾದೆ. ನೀನು ಹೇಳದೇ ಹೋಗಿದ್ದರೆ ನಾನೇನು ಮಾಡುತ್ತಿದ್ದೆನೋ, ನಿಜಕ್ಕೂ ತಿಳಿಯದು. ಪೆನ್ನು ಹಿಡಿದು ಎರಡು ಸಲ ಆ ಸಹಿಯ ಹತ್ತಿರ ಹೋಗಿ ಬಂದಿದ್ದೇನೆ.

ಗುಳ್ಳೆ ನೆನಪಿದೆ, ತುರಿಕೆ ನೆನಪಿದೆ. ನೀರೆಷ್ಟು ಎಂದು ಕೇಳಿದ್ದು ನೆನಪಿಲ್ಲ. ನಿನ್ನ ಬೆರಳು ನೆನಪಿದೆ.

ಈಗ ನನ್ನದು ಕೇಳು. ಪ್ರಕರಣ ವಹಿಸಿಕೊಳ್ಳುವಾಗ ಒಂದು ನಮೂನೆ ತುಂಬಬೇಕು. ಯಾವುದಾದರೂ ಸಾಕ್ಷಿಯ ಜೊತೆ ನಿಮಗೆ ಸಂಬಂಧವಿದೆಯೇ ಎಂದು ಅದರಲ್ಲಿ ಒಂದು ಕಾಲಂ ಇದೆ. ನಾನು ಅದನ್ನು ಖಾಲಿ ಬಿಟ್ಟೆ. ನಿನ್ನ ಹೆಸರು ಬರೆದರೆ ನಮ್ಮ ನದಿಯನ್ನು ಬೇರೆಯವರಿಗೆ ಕೊಟ್ಟುಬಿಡುತ್ತಾರೆ ಎಂಬ ಭಯ.

ನಮಗೆ ಕಲಿಸುವ ವಕೀಲೆ ಮೇಡಂಗೆ ನಿನ್ನೆ ಎರಡನ್ನೂ ಹೇಳಿದೆ. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆಮೇಲೆ, "ಅಪ್ಪ ಖಾಲಿ ಬಿಡಬೇಕಾದ ಕಾಲಂ ತುಂಬಿದ್ದಾರೆ, ಮಗಳು ತುಂಬಬೇಕಾದ ಕಾಲಂ ಖಾಲಿ ಬಿಟ್ಟಿದ್ದಾಳೆ. ಇಬ್ಬರೂ ಅದಲು ಬದಲು ಮಾಡಿಕೊಂಡಿದ್ರೆ ನನಗಿವತ್ತು ತಲೆನೋವು ಇರ್ತಿರಲಿಲ್ಲ" ಅಂದರು.

ಪ್ರಕರಣ ಛತ್ರಿಗೆ ಹೋಯಿತು. ಪೆಟ್ಟಿಗೆಯನ್ನು ಅವನ ಮೇಜಿಗೆ ನಾನೇ ಎತ್ತಿಟ್ಟೆ. ಎರಡನೇ ವರ್ಷದ ಬಗ್ಗೆ ಫೆಲೋಶಿಪ್ ಸಮಿತಿ ಕೂತು ನಿರ್ಧರಿಸುತ್ತದಂತೆ. ರಿಜಿಸ್ಟರಿನ ಜೊತೆ ಆ ಒಂಬತ್ತು ದಿನದ ಬಗ್ಗೆ ನೀನು ಪ್ರಮಾಣಪತ್ರ ಕೊಡಬೇಕು. ಕಾರ್ಖಾನೆಯ ವಕೀಲರು ನಿನ್ನನ್ನು ಕಟಕಟೆಗೆ ಕರೆಯುತ್ತಾರೆ. ಬರುತ್ತೀಯಾ? ಬರಲೇಬೇಕೆಂದು ಹೇಳುವ ಹಕ್ಕು ನನಗಿಲ್ಲ.

ನಿನ್ನ ಪುಟ್ಟಿ

ಆಗಸ್ಟ್ 18
(ಅಪ್ಪನ ಧ್ವನಿ)

ಬರ್ತೀನಿ. ಅದನ್ನೇನು ಕೇಳೋದು.

ನಮ್ಮ ಸಾಹೇಬ್ರಿಗೆ ನಾನೇ ಹೋಗಿ ಹೇಳಿದೆ. ಮೆಮೊ ಕೊಟ್ಟಿದ್ದಾರೆ. ಇಪ್ಪತ್ತಾರು ವರ್ಷಕ್ಕೆ ಮೊದಲನೇ ಮೆಮೊ. ಗುಮಾಸ್ತ ಅದನ್ನ ತಂದು ಕೊಡುವಾಗ ಒಂದು ತಮಾಷೆ ಕೂಡ ಮಾಡಲಿಲ್ಲ. ಅದೇ ಜಾಸ್ತಿ ನೋವಾಯ್ತು ನಂಗೆ.

ನಿನ್ನಮ್ಮನಿಗೂ ಹೇಳಿದೆ. ಹತ್ತು ವರ್ಷ ಅವಳಿಗೂ ಹೇಳಿರಲಿಲ್ಲ. ಮೆಷಿನ್ ನಿಲ್ಲಿಸಿ ಅಳತೆ ಟೇಪು ತಂದು ನನ್ನ ಭುಜ ಅಳೆದ್ಲು. ಆಮೇಲೆ... ತಡಿ, ಅವಳೇ ಬಂದ್ಲು.

"ಏ ಪುಟ್ಟಿ, ನಿಮ್ಮಪ್ಪ ಕೋರ್ಟಲ್ಲಿ ಹರಿದ ಕಾಲರ್ ಹಾಕ್ಕೊಂಡು ನಿಲ್ಲೋದು ಬೇಡ ಅಂತ ಹೊಸ ಶರ್ಟು ಹೊಲೀತಿದ್ದೀನಿ. ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ ಅಂತ ನೀನೇ ಹೇಳು ಇವರಿಗೆ. ಇಲ್ಲಾಂದ್ರೆ ಜಡ್ಜ್ ಸಾಹೇಬ್ರಿಗೂ ಹೊಲಿಗೆ ಮೆಷಿನ್ ಕಥೆ ಹೇಳ್ತಾರೆ!"

ಕೇಳಿಸ್ತಲ್ಲ. ಪುಟ್ಟಿ, ಒಂದು ಮಾತು. ನಿನ್ನ ಕೈಯಿಂದ ನದಿ ಹೋಯ್ತು ಅಂತ ಕೇಳಿ ಆ ದಿನ ಊಟ ಸೇರಲಿಲ್ಲ. ನೀನು ನನ್ನ ಬೈದಿದ್ರೆ ಚೆನ್ನಾಗಿತ್ತು.

ಇವತ್ತಿನ ನೀರು ಎರಡು ಮೀಟರ್ ಮೂವತ್ತೊಂದು. ಕೆಂಪಾಗಿ ಹರೀತಿದೆ.

ನಿನ್ನಪ್ಪ

ಅಕ್ಟೋಬರ್ 20

ಪ್ರೀತಿಯ ಅಪ್ಪ,

ನೀನು ಬಸ್ಸು ಹತ್ತಿ ಎರಡು ದಿನವಾಯಿತು. ಎದುರಿಗಿದ್ದಾಗ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ.

ಪ್ರಕರಣ ನನ್ನದಲ್ಲವಾದ್ದರಿಂದ ಕೊನೆಯ ಬೆಂಚಿನಲ್ಲಿ ಕೂತಿದ್ದೆ. ವಾದ ಮೇಡಂ ಅವರದು, ಹಾಗಾಗಿ ಛತ್ರಿಯೂ ನನ್ನ ಪಕ್ಕದಲ್ಲೇ ಇದ್ದ. ಅಲ್ಲಿಂದ ಕಂಡದ್ದು ನಿನ್ನ ಬೆನ್ನು, ಅಮ್ಮ ಹೊಲಿದ ಶರ್ಟಿನ ಇಸ್ತ್ರಿ ಗೆರೆ, ಹಿಂದೆ ಕಟ್ಟಿಕೊಂಡ ಎರಡು ಕೈ. ಕಾರ್ಖಾನೆಯ ವಕೀಲರು, "ಒಂಬತ್ತು ದಿನ ಮನೇಲಿ ಯಾಕೆ ಕೂತಿದ್ರಿ?" ಎಂದು ಕೇಳಿದರು.

"ಮಗಳಿಗೆ ಜ್ವರ ಇತ್ತು ಸಾರ್."

"ಅದು ರಿಜಿಸ್ಟರಲ್ಲಿ ಎಲ್ಲಿದೆ?"

"ಇಲ್ಲ ಸಾರ್. ಅದೇ ತಪ್ಪು."

"ಒಂಬತ್ತು ದಿನ ಸುಳ್ಳು ಬರೆದೋರು ಮಿಕ್ಕ ದಿನ ನಿಜ ಬರೆದಿದ್ದೀರಿ ಅಂತ ಹೇಗೆ ನಂಬೋದು?"

ನೀನು ಕಟ್ಟಿದ ಕೈ ಬಿಡಿಸಿ, ಅರ್ಜಿಯ ಜೊತೆಗಿದ್ದ ನನ್ನ ಗ್ರಾಫ್ ಹಾಳೆಯತ್ತ ತೋರಿಸಿದೆ.

"ನನ್ನ ನಂಬಬೇಡಿ ಸಾರ್, ಆ ಗೆರೆ ನೋಡಿ. ನಾನು ಕಟ್ಟಿದ್ದು ನೀಟಾಗಿದೆ, ನದಿ ಬರೆಸಿದ್ದು ಅಡ್ಡಾದಿಡ್ಡಿ ಇದೆ. ಒಂಬತ್ತು ದಿನ ಸುಳ್ಳು ಹೇಳೋಕೇ ಒಂದೊಂದು ಕಳೆಯೋದು ಬಿಟ್ಟು ಇನ್ನೇನೂ ಹೊಳೀಲಿಲ್ಲ ನಂಗೆ. ಇಪ್ಪತ್ತಾರು ವರ್ಷ ದಿನಾ ಹೊಸ ಸುಳ್ಳು ಕಟ್ಟೋಷ್ಟು ತಲೆ ಇದ್ದಿದ್ರೆ ಕಂಬ ನೋಡ್ಕೊಂಡು ಯಾಕೆ ಕೂತಿರ್ತಿದ್ದೆ ಸಾರ್, ನಿಮ್ಮ ಪಕ್ಕ ಕರಿ ಕೋಟು ಹಾಕ್ಕೊಂಡು ನಿಂತಿರ್ತಿರಲಿಲ್ವಾ?"

ನ್ಯಾಯಾಧೀಶರು ಕೂಡ ಬಾಯಿಗೆ ಕೈ ಅಡ್ಡ ಹಿಡಿದರು. ಎಲ್ಲರೂ ನಗುವಾಗ ನನಗೆ ಅಳು ಬಂತು, ಛತ್ರಿ ತನ್ನ ಛತ್ರಿಯನ್ನು ನನ್ನ ಮುಖಕ್ಕೆ ಮರೆ ಮಾಡಿ ಹಿಡಿದ. ಅದು ಉಪಯೋಗಕ್ಕೆ ಬಂದದ್ದು ಅದೊಂದೇ ದಿನ.

ಮಧ್ಯಂತರ ಆದೇಶ ಬಂದಿದೆ. ಒಂಬತ್ತು ದಿನ ಖಾಲಿ ಎಂದೇ ಪರಿಗಣನೆ, ಉಳಿದದ್ದು ಸಾಕ್ಷ್ಯ. ಆ ಒಂಬತ್ತು ದಿನ ಪಂಪು ಎಷ್ಟು ಹೊತ್ತು ಓಡಿತು, ಆಗ ನದಿ ಎಷ್ಟಿತ್ತು ಎಂದು ಕಾರ್ಖಾನೆ ತನ್ನದೇ ಪುಸ್ತಕ ತಂದು ತೋರಿಸಬೇಕು. ಅವರು ಕಾಲಾವಕಾಶ ಕೇಳಿದ್ದಾರೆ. ಗೆಲ್ಲುತ್ತೇವೋ ಇಲ್ಲವೋ, ಇನ್ನು ನಮ್ಮ ಕೈಯಲ್ಲಿಲ್ಲ.

ಸಮಿತಿ ನನಗೆ ಎರಡನೇ ವರ್ಷದ ಬದಲು ಆರು ತಿಂಗಳು ಕೊಟ್ಟಿದೆ. ಆಮೇಲೆ ನೋಡೋಣ ಎಂದಿದೆ. ಬೇರೊಂದು ಕೆರೆಯ ಪ್ರಕರಣ ಬಂದಿದೆ. ನಮೂನೆಯ ಎಲ್ಲ ಕಾಲಂಗಳನ್ನೂ ಈ ಸಲ ಮೂರು ಬಾರಿ ಓದಿ ತುಂಬಿದೆ.

ವಿಚಾರಣೆ ಮುಗಿದ ಮೇಲೂ ನೀನು ಒಂದು ದಿನ ಉಳಿದೆ. ನೀನು ಮರದ ತುಂಡು ಕೆತ್ತಿ ಕೂರಿಸಿದ ಮೇಲೆ ಕುರ್ಚಿ ಅಲುಗಾಡುವುದಿಲ್ಲ. ಅಲುಗಾಡದ ಕುರ್ಚಿಯಲ್ಲಿ ಕೂತು ಅಭ್ಯಾಸವೇ ತಪ್ಪಿಹೋಗಿದೆ.

ನಿನ್ನ ಪುಟ್ಟಿ

ಅಕ್ಟೋಬರ್ 25
(ಅಪ್ಪನ ಧ್ವನಿ)

ಪುಟ್ಟಿ, ಕಾಗದ ಬಂತು. ನಿನ್ನಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಕರಿ ಕೋಟಿನ ಮಾತು ಬಂದಾಗ, "ಕೇಳಿದ್ದಕ್ಕೆ ಮಾತ್ರ ಉತ್ತರ ಅಂದಿದ್ನಲ್ಲ" ಅಂತ ಗದರಿದ್ಲು. ಆಮೇಲೆ ಅದೊಂದು ಸಾಲು ಇನ್ನೊಂದು ಸಲ ಓದಿ ಅಂದ್ಲು.

ಗುಮಾಸ್ತನ ಬಾಯಿ ಮತ್ತೆ ಶುರುವಾಗಿದೆ. "ಏನಪ್ಪಾ, ನದಿ ಸಹಿ ಈಗ ಯಾರು ಹಾಕ್ತಾರೆ?" ಅಂದ. ಒಳ್ಳೇದಾಯ್ತು ಬಿಡು, ಜೀವ ಬಂದಂಗಾಯ್ತು.

ನಾನಿಲ್ಲದ ಮೂರು ದಿನ ಬದಲಿ ಆಳು ಬರ್ತಾನೆ ಅಂದಿದ್ರು, ಬಂದಿಲ್ಲ. ಬಂದು ನೋಡ್ತೀನಿ, ರಿಜಿಸ್ಟರಲ್ಲಿ ಮೂರು ಮನೆ ಖಾಲಿ. ಹಿಂದಿನ ದಿನ ಒಂದು ಎಪ್ಪತ್ತೆರಡು, ಬಂದ ದಿನ ಒಂದು ಅರವತ್ತೊಂಬತ್ತು. ಮಧ್ಯ ಏನಿತ್ತು ಅಂತ ಕಣ್ಣು ಮುಚ್ಚಿ ಹೇಳಬಹುದಿತ್ತು. ಪೆನ್ನು ತಗೊಂಡು ಮೂರಕ್ಕೂ ಗೀಟು ಎಳೆದೆ. ಪಕ್ಕದಲ್ಲಿ ಕಾರಣ ಅಂತ ಒಂದು ಸಣ್ಣ ಜಾಗ ಇದೆ, ಇಪ್ಪತ್ತಾರು ವರ್ಷದಲ್ಲಿ ಅದರಲ್ಲಿ ಒಂದಕ್ಷರ ಬರೆದಿರಲಿಲ್ಲ. ಅಂಕಿ ಬಿಟ್ಟು ಬೇರೆ ಬರೆಯೋಕೆ ಬರಲ್ಲ ಅಂತಿದ್ನಲ್ಲ, ಬಂತು ಕಣಮ್ಮ. ನಿಧಾನಕ್ಕೆ ಬಂತು.

ಮಧ್ಯಾಹ್ನ ಸಾಹೇಬ್ರು ಕರೆದ್ರು. ರಿಜಿಸ್ಟರ್ ಎದುರಿಗಿಟ್ಕೊಂಡಿದ್ರು. "ಏನ್ರೀ ಇದು? ಇದೊಂದು ಕಾರಣಾನಾ?" ಅಂದ್ರು.

"ಇದೇ ಸಾರ್ ಕಾರಣ" ಅಂದೆ.

ಆಮೇಲೆ ಕೆಳಗಡೆ ಅವರದೊಂದು ಸಹಿ ಹಾಕಿ ವಾಪಸ್ ಕೊಟ್ರು.

ಏನು ಬರೆದೆ ಅಂತ ನೀನು ಕೇಳ್ತೀಯ, ಅದಕ್ಕೇ ನಾನೇ ಓದ್ತೀನಿ. "ಅಳತೆ ನೋಡಿಲ್ಲ. ಮಗಳ ಹತ್ತಿರ ಇದ್ದೆ."

ಇವತ್ತಿನ ನೀರು ಒಂದು ಮೀಟರ್ ಅರವತ್ತೇಳೂವರೆ. ನಿನ್ನೆಗಿಂತ ಅರ್ಧ ಜಾಸ್ತಿ, ಯಾಕೋ ಗೊತ್ತಿಲ್ಲ. ನೋಡ್ಕೊಂಡೇ ಬಂದೆ.

ನಿನ್ನಪ್ಪ